ಮಂಗಳೂರು ಹೆಂಚನ್ನು ಹುಟ್ಟಿಸಿ ತಾನು ಮರೆಯಾದ ಕಾರ್ಖಾನೆ

ಅಡಿಕೆ ವಹಿವಾಟಿನ ಸಲುವಾಗಿ ನಾವು ಕೆಲವರು ಕಳೆದ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ತರ ಭಾಗಕ್ಕೆ ಹೋಗಿದ್ದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ನಾಲ್ಕು ದಿನ ತಿರುಗಾಟ. ಕಬ್ಬು, ತಂಬಾಕು, ಜೋಳ ಬೆಳೆಯುವ ನಾಡು ಅದು. ಕಾಫಿ ಗಿಡವನ್ನು ಅಲ್ಲಿ ಯಾರೂ ಕಂಡಂತಿಲ್ಲ, ಕುಡಿಯುವುದೂ ಚಹಾವನ್ನೇ. ಅಡಿಕೆ ಮಾತ್ರ ಎಲ್ಲ ಮನೆಯ ಎಲೆಚೀಲದಲ್ಲೂ ಇತ್ತು. ಅಷ್ಟರ ಮಟ್ಟಿಗೆ ನಮಗೆ ಅದು ನೆಂಟರ ಊರೇ ಸರಿ.

ತೋಟದವನ ಕಣ್ಣು ಎಲ್ಲಿಗೆ ಹೋದರೂ ಮೊದಲು ಮಾಡನ್ನು ನೋಡುತ್ತದೆ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಬೆಳೆದವರ ಅಭ್ಯಾಸ ಅದು. ಅಥಣಿ, ಕಾಗವಾಡದ ಕಡೆ ಹಳೆಯ ಮನೆಗಳಿಗೆ ಇಳಿಜಾರೇ ಇಲ್ಲ. ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣು ಹೊದಿಸಿ ಬಡಿದ ಮಾಳಿಗೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿಗೆ ಅದು ಸಾಕು. ಬೇಸಿಗೆಯ ರಾತ್ರಿ ಮಲಗಲಿಕ್ಕೂ ಹಿತ. ಪಡುವಣಕ್ಕೆ ಬಂದಂತೆ ಮಳೆ ಹೆಚ್ಚುತ್ತದೆ, ಮಾಡು ಓರೆಯಾಗುತ್ತದೆ. ನಿಪ್ಪಾಣಿ ಮುಟ್ಟುವ ಹೊತ್ತಿಗೆ ಕೆಂಪು ಹೆಂಚು ಕಾಣಿಸತೊಡಗಿತು. ನಾವು ಇಳಿದುಕೊಂಡಿದ್ದ ಬೀದಿಯ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿದರೆ, ಹೆಂಚಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, ಮಂಗಳೂರು, 1865.

"ಅಜ್ಜಾ, ಈ ಹಂಚು ನೂರಾ ಅರವತ್ತ ವರ್ಷದ್ದೇನು?" ಎಂದು ಮೊಮ್ಮಗ ಕೇಳಿದ. ಮನೆಯ ಯಜಮಾನರು ಹೌದೆಂದೇ ನಂಬಿದ್ದರು. ನಮ್ಮಲ್ಲೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಆದರೆ 1865 ಎಂಬುದು ಆ ಹೆಂಚನ್ನು ಸುಟ್ಟ ವರ್ಷವಲ್ಲ, ಕಾರ್ಖಾನೆ ಆರಂಭವಾದ ವರ್ಷ. ಮುಂದೆ ಸುಟ್ಟ ಹೆಂಚುಗಳ ಮೇಲೂ ಅದೇ ಅಂಕಿಯನ್ನು ಒತ್ತುತ್ತ ಹೋದರು. ಆ ಹೆಸರಿನ ಒಡೆತನದಲ್ಲಿ ಕಾರ್ಖಾನೆ ನಡೆದದ್ದು ಅರ್ಧ ಶತಮಾನ, ಅಷ್ಟೇ. ಹೆಂಚು ಉಳಿದಿದೆ, ಸುಟ್ಟವರು ಉಳಿದಿಲ್ಲ. ಆ ಕಥೆಯನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಬೇಕೆನಿಸಿತು. ನಮ್ಮ ಮನೆ, ಕೊಟ್ಟಿಗೆ, ಕಾಫಿ ಗೋದಾಮು, ಅಡಿಕೆ ಬೇಯಿಸುವ ಮನೆ ಎಲ್ಲವೂ ಆ ಕಾರ್ಖಾನೆ ಹುಟ್ಟಿಸಿದ ಹೆಂಚಿನ ಕೆಳಗೇ ಇವೆ, ಅಥವಾ ಮೊನ್ನೆ ಮೊನ್ನೆಯವರೆಗೆ ಇದ್ದವು.

ಹೆಂಚು ಬರುವ ಮೊದಲು ಏನಿತ್ತೆಂದು ಹಿರಿಯರಿಗೆ ಗೊತ್ತು. ಅಡಿಕೆ ತೋಟವಿದ್ದವನಿಗೆ ಸೋಗೆ, ಗದ್ದೆಯಿದ್ದವನಿಗೆ ಹುಲ್ಲು. ಮುಂಗಾರಿಗೆ ಮುಂಚೆ ಹಳೆಯ ಸೋಗೆ ಕಿತ್ತು ಹೊಸದು ಹೊದಿಸದಿದ್ದರೆ ಆಷಾಢದಲ್ಲಿ ಅಡಿಗೆಮನೆಯಲ್ಲೂ ಕೊಡೆ ಹಿಡಿಯಬೇಕು. ಒಲೆಯ ಒಂದು ಕಿಡಿ ಹಾರಿದರೆ ಮನೆಯೇ ಇಲ್ಲ. ಸ್ವಲ್ಪ ಅನುಕೂಲಸ್ಥರಿಗೆ ನಾಡಹೆಂಚಿತ್ತು. ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ ಎರಡು ಮಾಡಿ, ಆವಿಗೆಯಲ್ಲಿ ಸುಡುತ್ತಿದ್ದ ಅರೆಗೊಳವೆ ಹೆಂಚು. ಒಂದು ಸಾಲು ಬೋರಲು, ಒಂದು ಸಾಲು ಅಂಗಾತ. ನೋಡಲು ಬಲು ಚೆಂದ. ಆದರೆ ಒಂದನ್ನೊಂದು ಹಿಡಿದುಕೊಳ್ಳುವ ಕಚ್ಚು ಅದಕ್ಕಿಲ್ಲ. ಬೆಕ್ಕು ಓಡಿದರೆ ಸರಿಯಿತು, ಕೋತಿ ಕುಣಿದರೆ ಮುಗಿಯಿತು. ಪ್ರತಿ ಬೇಸಿಗೆಯಲ್ಲಿ ಮಾಡು ಹತ್ತಿ ಕೈಯಾಡಿಸಲೇಬೇಕು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅದರ ಕೇಂದ್ರ. ಬಂದ ಪಾದ್ರಿಗಳಲ್ಲಿ ಬಹುಮಂದಿ ಜರ್ಮನ್ನರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚು ಮಾಡಿದವರು ಇವರೇ ಎಂಬುದು ಶಾಲೆಯ ಪಾಠದಲ್ಲೇ ಬರುತ್ತದೆ. ಹೆಂಚಿನ ಪಾಠ ಬರುವುದಿಲ್ಲ.

ಅವರಿಗೆ ಒದಗಿದ ತೊಡಕು ಧರ್ಮದ್ದಲ್ಲ, ಹೊಟ್ಟೆಯದು. ಮತಾಂತರ ಹೊಂದಿದವನನ್ನು ಮನೆಯವರು ಹೊರಗಿಡುತ್ತಿದ್ದರು. ಗೇಣಿ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಹಾಗೆ ಬಂದವರಿಗೆಲ್ಲ ಅನ್ನ ಹಾಕುವ ಭಾರ ಮಿಶನ್ನಿನ ಮೇಲೆ ಬಿತ್ತು. ನೇಯ್ಗೆ ಆರಂಭಿಸಿದರು, ಅದು ನಡೆಯಿತು. ಬೇಸಾಯಕ್ಕೂ ಕೈಹಾಕಿದರು. ನಮ್ಮ ಕೊಡಗಿನ ಓದುಗರಿಗೆ ಆನಂದಪುರದ ಹೆಸರು ಗೊತ್ತಿರಬೇಕು. ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ, ಮತಾಂತರಗೊಂಡ ಜೀತದಾಳುಗಳ ಕುಟುಂಬಗಳಿಗಾಗಿ ಕಟ್ಟಿಸಿದ ಊರು ಅದು. ಅಲ್ಲಿ ಕಾಫಿ ತೋಟವನ್ನೂ ಮಾಡಿಸಿದರು. ಕಾಫಿ ಗಿಡ ಫಸಲಿಗೆ ಬರಲು ಎಷ್ಟು ವರ್ಷ ಬೇಕು, ಅಷ್ಟು ವರ್ಷ ಒಂದು ಊರನ್ನು ಸಾಕಲು ಎಷ್ಟು ಹಣ ಬೇಕು ಎಂಬ ಲೆಕ್ಕವನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರತಿ ದಿನ ಕೆಲಸ, ಪ್ರತಿ ವಾರ ಕೂಲಿ ಕೊಡಬಲ್ಲ ಕಸುಬು ಬೇಕಾಗಿತ್ತು.

ಆ ಕಸುಬನ್ನು ಕಂಡುಕೊಂಡವರು ಜಾರ್ಜ್ ಪ್ಲೆಬ್ಸ್ಟ್. ಅವರು ಪಾದ್ರಿಗಿಂತ ಹೆಚ್ಚಾಗಿ ಕೈಕೆಲಸದವರು. 1851ರಲ್ಲಿ ಬಂದದ್ದೇ ಮಿಶನ್ ಮುದ್ರಣಾಲಯದ ಕೆಲಸಕ್ಕೆ, ಕನ್ನಡದ ಅಚ್ಚಿನ ಮೊಳೆಗಳ ಉಸ್ತುವಾರಿಗೆ. ಮಧ್ಯೆ ಯುರೋಪಿಗೆ ಮರಳಿ ಮಣ್ಣಿನ ಕೆಲಸ ಕಲಿತು ಬಂದರು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಕಾರ್ಖಾನೆ ಹಾಕಿದರು. ಕಾರ್ಖಾನೆ ಎಂಬ ಮಾತು ಆಗ ದೊಡ್ಡದಾಯಿತು. ಮಣ್ಣು ಕಲಸುವ ಯಂತ್ರವನ್ನು ತಿರುಗಿಸುತ್ತಿದ್ದುದು ಒಂದು ಜೋಡಿ ಎತ್ತು, ಆಳುಗಳೂ ಬೆರಳೆಣಿಕೆಯವರೇ. ಹಬೆಯಂತ್ರ ಬಂದದ್ದು ಆಮೇಲೆ.

ಹೆಂಚಿನ ಅಚ್ಚು ಪ್ಲೆಬ್ಸ್ಟ್ ಅವರ ಸ್ವಂತ ಕಲ್ಪನೆಯಲ್ಲ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಷ್ ಎಂಬ ಊರಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಕಚ್ಚುಹೆಂಚಿಗೆ ಹಕ್ಕುಪತ್ರ ಪಡೆದಿದ್ದರು. ಬಾಸೆಲ್ ನಗರಕ್ಕೆ ಆ ಊರು ದೂರವೇನಲ್ಲ. ಅಂಚಿನಲ್ಲಿ ಒಂದು ಏಣು, ಪಕ್ಕದ ಹೆಂಚಿನಲ್ಲಿ ಅದಕ್ಕೆ ಹೊಂದುವ ಒಂದು ಗಾಡಿ. ಮೇಲಿನ ಹೆಂಚಿನ ತುದಿ ಕೆಳಗಿನದರ ತಲೆಯ ಮೇಲೆ ಕೂರುತ್ತದೆ. ಹಿಂಬದಿಯ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಬಿದ್ದ ನೀರು ಗಾಡಿಯಲ್ಲೇ ಇಳಿದು ಹೋಗುತ್ತದೆ. ಗಾರೆಯೂ ಬೇಡ, ಮೊಳೆಯೂ ಬೇಡ. ನೂರು ಚದರಡಿ ಮಾಡಿಗೆ ಸುಮಾರು 150 ಹೆಂಚು ಸಾಕು. ಭಾರ ಕಡಿಮೆಯಾದ್ದರಿಂದ ಪಕ್ಕಾಸನ್ನೂ ಅಷ್ಟು ಒತ್ತಾಗಿ ಹಾಕಬೇಕಾಗಿಲ್ಲ, ಮರ ಉಳಿಯಿತು. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲೂ ಅದೇ ಹೆಂಚು ನಿಂತಿತೆಂದ ಮೇಲೆ ಬೇರೆ ಪ್ರಮಾಣಪತ್ರ ಯಾಕೆ?

ಮಣ್ಣಿನ ವಿಷಯ ಸ್ವಲ್ಪ ಹೇಳಬೇಕು. ನಿಪ್ಪಾಣಿಯ ಯಜಮಾನರು ನಮ್ಮನ್ನು ಕೇಳಿದ ಪ್ರಶ್ನೆಯೇ ಅದು: "ಕೃಷ್ಣಾ ಹೊಳಿ ದಂಡಿಯೊಳಗ ಬೇಕಾದಷ್ಟ ಮಣ್ಣೈತಿ. ನಮ್ಮ ಕಡೆ ಯಾಕ ಹಂಚಿನ ಫ್ಯಾಕ್ಟ್ರಿ ಆಗಲಿಲ್ಲ?" ಮಣ್ಣು ಬೇಕಾದಷ್ಟಿದೆ, ನಿಜ. ಅದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಹೋಗುವಷ್ಟು ಬಿರಿಯುತ್ತದೆ. ಕಬ್ಬಿಗೆ ಜೋಳಕ್ಕೆ ಅದು ಚಿನ್ನ. ಆದರೆ ಹೆಂಚಿನ ಅಚ್ಚಿಗೆ ಒತ್ತಿ ನೆರಳಲ್ಲಿಟ್ಟರೆ ಒಣಗುವಷ್ಟರಲ್ಲಿ ಸೊಟ್ಟಗಾಗಿ ಸೀಳುತ್ತದೆ. ಹೆಂಚಿನ ಮಣ್ಣಿಗೆ ಜಿಗುಟೂ ಇರಬೇಕು, ನಯವಾದ ಮರಳೂ ಬೆರೆತಿರಬೇಕು, ಸುಟ್ಟಾಗ ಕೆಂಪೇರಲು ಕಬ್ಬಿಣದ ಅಂಶ ಇರಬೇಕು. ಅದೇ ಬೆಳಗಾವಿ ಜಿಲ್ಲೆಯ ತೆಂಕಣ ಮೂಲೆಯಲ್ಲಿ, ಘಟ್ಟಕ್ಕೆ ತಾಗಿದ ಖಾನಾಪುರದಲ್ಲಿ ಅಂಥ ಮಣ್ಣಿದೆ. ಅಲ್ಲಿನ ಕುಂಬಾರರ ದೊಡ್ಡ ದೊಡ್ಡ ಹರವಿಗಳಿಗೆ ಹಿಂದಿನಿಂದಲೂ ಹೆಸರು. ಹೆಂಚು, ಇಟ್ಟಿಗೆಯ ಕಾರ್ಖಾನೆಗಳೂ ಅಲ್ಲಿ ಬಂದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ನೆಲೆಯೂರಿದ್ದೂ ಖಾನಾಪುರದಲ್ಲೇ. ಜಿಲ್ಲೆ ಒಂದೇ ಆದರೂ ಮಣ್ಣು ಬೇರೆ.

ಜೆಪ್ಪುವಿಗೆ ಒಳ್ಳೆಯ ಮಣ್ಣಿನ ಜೊತೆಗೆ ಇನ್ನೂ ಮೂರು ಅನುಕೂಲ ಒಂದೇ ಕಡೆ ಒದಗಿದ್ದವು. ಗದ್ದೆ ಬಯಲಿನಲ್ಲಿ ಅಗೆದ ಮಣ್ಣು ದೋಣಿಯಲ್ಲಿ ಕಾರ್ಖಾನೆಯ ಬಾಗಿಲಿಗೇ ಬರುತ್ತಿತ್ತು. ಸುಡುವ ಸೌದೆ ಘಟ್ಟದ ಕಾಡಿನಿಂದ ಹೊಳೆಯಲ್ಲಿ ಇಳಿಯುತ್ತಿತ್ತು. ಸುಟ್ಟ ಹೆಂಚು ಅದೇ ಹೊಳೆಯಿಂದ ಅಳಿವೆಗೆ, ಅಳಿವೆಯಿಂದ ಮಂಜಿಗೆ, ಮಂಜಿಯಿಂದ ಮುಂಬಯಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಮಾತ್ರ ಹೆಂಚು ಅಂಗಳದಲ್ಲೇ ರಾಶಿ ಬೀಳುತ್ತಿತ್ತು. ಮುಂದೆ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಮಂಗಳೂರು ಹೆಂಚು ಹೋಯಿತು. 1880ರ ದಶಕದಲ್ಲಿ ಮುರ್ಮಗೋವಾದಿಂದ ಲೋಂಡಾಕ್ಕೆ ರೈಲು ಬಂತು. ಅಲ್ಲಿಂದ ಖಾನಾಪುರ, ಬೆಳಗಾವಿ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ ದಾಟಿ ಮೀರಜಿನ ಕಡೆ ಹೋಗುವ ಹಾದಿಯೂ ಕೂಡಿಕೊಂಡಿತು. ಕಡಲ ಹೆಂಚು ಕೃಷ್ಣೆಯ ನಾಡನ್ನು ಮುಟ್ಟಲು ಹೀಗೆ ದಾರಿಯಾಯಿತು.

ನಮ್ಮ ಘಟ್ಟದ ಮೇಲಕ್ಕೆ ಬಂದದ್ದು ಮಾತ್ರ ಎತ್ತಿನ ಗಾಡಿಯಲ್ಲಿ. ಕಾಫಿ, ಅಡಿಕೆ ಮೂಟೆ ಹೇರಿಕೊಂಡು ಚಾರ್ಮಾಡಿ, ಆಗುಂಬೆ, ಸಂಪಾಜೆಯ ದಾರಿಗಳಲ್ಲಿ ಇಳಿದ ಗಾಡಿಗಳು ಹಿಂದಿರುಗುವಾಗ ಬರಿದಾಗಿ ಹತ್ತುತ್ತಿರಲಿಲ್ಲ. ಉಪ್ಪು, ಒಣಮೀನು, ಅದರ ಜೊತೆ ಹುಲ್ಲಿನ ಮೆತ್ತೆಯಲ್ಲಿ ನಿಲ್ಲಿಸಿ ಕಟ್ಟಿದ ಹೆಂಚು. ಮನೆ ಕಟ್ಟಿಸುವವನು ಹೀಗೆ ಎರಡು ಮೂರು ಸುಗ್ಗಿ ಹೆಂಚು ಕೂಡಿಹಾಕಿ, ಆಮೇಲೆ ಬಡಗಿಯನ್ನು ಕರೆಸುತ್ತಿದ್ದನೆಂದು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ.

ಕಾರ್ಖಾನೆಯೊಳಗಿನ ಕೆಲಸ ಹೇಗಿತ್ತೆಂದರೆ, ಬೇಸಿಗೆಯಲ್ಲಿ ತಂದ ಮಣ್ಣನ್ನು ರಾಶಿ ಹಾಕಿ ನೀರು ಕುಡಿಸಿ ಹದಕ್ಕೆ ಬಿಡುತ್ತಿದ್ದರು. ಯಂತ್ರದಲ್ಲಿ ಕಲಸಿ, ಬಿಲ್ಲೆಗಳಾಗಿ ಕತ್ತರಿಸಿ, ಎಣ್ಣೆ ಸವರಿ, ಅಚ್ಚಿನ ನಡುವೆ ಇಟ್ಟು ಒತ್ತುತ್ತಿದ್ದರು. ಹಸಿ ಹೆಂಚನ್ನು ಮರದ ಚೌಕಟ್ಟಿನ ಮೇಲೆ ಎತ್ತಿಕೊಂಡು, ಅಂಚು ಕೆರೆದು ನೇರ್ಪುಗೊಳಿಸಿ, ಅಟ್ಟಣೆಗಳ ಮೇಲೆ ನೆರಳಲ್ಲಿ ಜೋಡಿಸುವುದು. ಈ ಹೊರುವ, ಜೋಡಿಸುವ ಕೆಲಸ ಬಹುಪಾಲು ಹೆಂಗಸರದು. ವಾರಗಟ್ಟಲೆ ನಿಧಾನವಾಗಿ ಆರಿದ ಮೇಲೆ ಗೂಡಿಗೆ. ಬೆಂಕಿಯನ್ನು ಒಮ್ಮೆಲೇ ಏರಿಸಿದರೆ ಸಿಡಿಯುತ್ತದೆ, ಬೇಗ ತಣಿಸಿದರೆ ಬಿರುಕು ಬಿಡುತ್ತದೆ. ಸರಿಯಾಗಿ ಬೆಂದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನ ದನಿ ಕೊಡುತ್ತದೆ. ಅರೆಬೆಂದದ್ದು ಮಡಕೆ ಚೂರಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಇಂದಿಗೂ ಹೆಂಚು ಕೊಳ್ಳುವವರು ಮಾಡಬೇಕಾದ ಪರೀಕ್ಷೆ ಇದೇ.

ಲಾಭ ಕಂಡ ಮೇಲೆ ಪೈಪೋಟಿ ಬಾರದೆ ಇರುತ್ತದೆಯೇ? ಮಿಶನ್ನಿನ ಕಾರ್ಖಾನೆ ಆರಂಭವಾಗಿ ಮೂರೇ ವರ್ಷಕ್ಕೆ, 1868ರಲ್ಲಿ, ಆಲ್ಬುಕರ್ಕ್ ಮನೆತನದವರ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ತಲೆಯೆತ್ತಿತು. ಆಮೇಲೆ ಹೊಳೆಯ ಎರಡೂ ದಡಗಳಲ್ಲಿ ಚಿಮಣಿಗಳ ಸಾಲು. ಮಿಶನ್ನೂ ಸುಮ್ಮನಿರಲಿಲ್ಲ. ಕುದ್ರೋಳಿ, ಮಲ್ಪೆ, ಮಲಬಾರಿನಲ್ಲಿ ಕಲ್ಲಿಕೋಟೆ, ಕೊಡಕ್ಕಲ್, ಒಲವಕ್ಕೋಡು, ಕಡೆಗೆ 1905ರಲ್ಲಿ ಫೆರೋಕ್ ಸೇರಿ ಒಟ್ಟು ಏಳು ಹೆಂಚಿನ ಕಾರ್ಖಾನೆಗಳಾದವು. ಹೆಂಚಿನ ಜೊತೆಗೆ ನೆಲಹಾಸಿನ ಬಿಲ್ಲೆ, ಮೂಲೆಹೆಂಚು, ಗೋಪುರದ ಕುಸುರಿಯ ತುಣುಕು, ಹೂಜಿ ಕುಂಡ ಎಲ್ಲವನ್ನೂ ಮಾಡಿದರು.

ಆಳುಗಳ ಮಾತು. ಕಾಯಿಲೆ ಬಿದ್ದವರಿಗೆ ಒಂದು ನಿಧಿ, ಉಳಿತಾಯಕ್ಕೆ ಒಂದು ವ್ಯವಸ್ಥೆ ಅಲ್ಲಿದ್ದವು. ಆ ಕಾಲದ ಕೂಲಿಕಾರರಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಅನುಕೂಲ ಅದು, ಒಪ್ಪಲೇಬೇಕು. ಆದರೆ ನಮಗೆ ಅದರ ಇನ್ನೊಂದು ಮುಖವೂ ಕಾಣುತ್ತದೆ. ಕೂಲಿ ಕೊಡುವವರು ಮಿಶನ್ನಿನವರು, ವಾಸಕ್ಕೆ ಮನೆ ಕೊಟ್ಟವರು ಮಿಶನ್ನಿನವರು, ಭಾನುವಾರ ಬುದ್ಧಿ ಹೇಳುವವರೂ ಮಿಶನ್ನಿನವರೇ. ಒಂದು ಕಡೆ ತಪ್ಪಿ ನಡೆದವನು ಮೂರೂ ಕಡೆ ತಲೆತಗ್ಗಿಸಬೇಕು. ಸಾಲ ಕೊಟ್ಟ ಸಾಹುಕಾರನಿಗೇ ಅಡಿಕೆಯನ್ನೂ ಅಳೆಯಬೇಕಾಗಿದ್ದ ಕಾಲವನ್ನು ಕಂಡ ನಮ್ಮ ಮನೆತನಗಳಿಗೆ ಇದರ ಬಿಸಿ ಗೊತ್ತು. ಕೈ ಎಷ್ಟೇ ಒಳ್ಳೆಯದಿರಲಿ, ಎಲ್ಲವೂ ಒಂದೇ ಕೈಯಲ್ಲಿದ್ದರೆ ಆ ಕೈಗೆ ಏನಾದರೂ ಆದ ದಿನ ಏನು ಗತಿ?

ಆ ದಿನ ಬಂತು. 1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಬ್ರಿಟಿಷರಿಗೆ ಜರ್ಮನ್ನರು ಶತ್ರುಗಳಾದರು. ಮಿಶನ್ನಿನ ಕೇಂದ್ರ ಇದ್ದದ್ದು ಯಾವ ಪಕ್ಷಕ್ಕೂ ಸೇರದ ಸ್ವಿಟ್ಜರ್‌ಲೆಂಡಿನಲ್ಲಿ, ನಿಜ. ಆದರೆ ಕಾರ್ಖಾನೆ ನಡೆಸುತ್ತಿದ್ದವರಲ್ಲಿ ಅನೇಕರು ಜರ್ಮನ್ ಪ್ರಜೆಗಳು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ದೇಶದಿಂದ ಕಳುಹಿಸಿದರು. ಉದ್ಯಮಗಳು ಸರಕಾರದ ಹಿಡಿತಕ್ಕೆ ಬಂದು, 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಬ್ರಿಟಿಷ್ ಸಂಸ್ಥೆಯ ಪಾಲಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ. ಇಲ್ಲಿ ಕುಂಬಾರನಿಗೆ ಹಿಡಿದದ್ದು ಐವತ್ತು ವರುಷ.

ಗಮನಿಸಬೇಕಾದ ಸಂಗತಿ ಏನೆಂದರೆ, ಮಣ್ಣು ಮುಗಿದಿರಲಿಲ್ಲ, ಗಿರಾಕಿ ತಪ್ಪಿರಲಿಲ್ಲ, ಹೆಂಚು ಕೆಟ್ಟಿರಲಿಲ್ಲ. ಜೆಪ್ಪುವಿನಲ್ಲಿ ಮಣ್ಣು ತುಳಿದವರಾಗಲಿ, ಹೆಂಚು ಹೊತ್ತವರಾಗಲಿ ಯಾವ ಯುದ್ಧಕ್ಕೂ ಸೇರಿದವರಲ್ಲ. ಆದರೂ ಒಡೆತನ ಕಡಲಾಚೆ ಇದ್ದುದರಿಂದ ತೀರ್ಮಾನವೂ ಕಡಲಾಚೆಯೇ ಆಯಿತು. ಯಂತ್ರ, ಗೂಡು, ಆಳು ಎಲ್ಲ ಇದ್ದಲ್ಲೇ ಇದ್ದು ಹೊಸ ಒಡೆಯರ ಕೈಕೆಳಗೆ ಕೆಲಸ ಮುಂದುವರಿಯಿತು. ಅಳಿದದ್ದು ಒಡೆತನ, ಹೆಂಚಿನ ಬೆನ್ನಿನ ಹೆಸರು. ಆ ಹೊತ್ತಿಗಾಗಲೇ ಕಸುಬು ಊರಿನವರ ಕೈಗೆ ಹತ್ತಿತ್ತು. ಹಾಗಾಗಿ 'ಮಂಗಳೂರು ಹೆಂಚು' ಎಂಬ ಹೆಸರು ಹುಟ್ಟಿಸಿದ ಸಂಸ್ಥೆಯನ್ನು ಬಿಟ್ಟು ಊರಿಗೇ ಅಂಟಿಕೊಂಡಿತು. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 654ನೆಯ ನಿರ್ದೇಶನದಲ್ಲೂ ಈ ಹೆಂಚಿಗೆ 'ಮಂಗಳೂರು ಮಾದರಿ' ಎಂದೇ ಹೆಸರು. ಎಲ್ಲಿ ಸುಟ್ಟರೂ ಅದು ಮಂಗಳೂರು ಹೆಂಚೇ.

ಈಚಿನ ದಶಕಗಳ ಕಥೆ ಎಲ್ಲರೂ ಕಂಡದ್ದೇ. ಸಿಮೆಂಟಿನ ತಾರಸಿ ಬಂತು, ತಗಡು ಬಂತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಸೌದೆ ದುರ್ಲಭವಾಯಿತು, ಗದ್ದೆಯ ಮಣ್ಣು ಅಗೆಯಲು ಆಕ್ಷೇಪಣೆ ಬಂತು, ಹೆಂಚು ಹೊರುವ ಕೆಲಸಕ್ಕೆ ಆಳು ಸಿಗದಾಯಿತು. ಹೊಳೆಯ ದಡದ ಚಿಮಣಿಗಳು ಒಂದೊಂದಾಗಿ ತಣ್ಣಗಾದವು.

ನಮ್ಮ ಸದಸ್ಯರಲ್ಲೂ ಹಲವರು ಹೆಂಚು ಇಳಿಸಿ ತಗಡು ಹೊದಿಸಿದ್ದಾರೆ. ಬೇಡವೆನ್ನಲು ನಾವು ಯಾರು? ಮಾಡು ಹತ್ತುವ ಆಳಿಲ್ಲ, ಕೋತಿಯ ಕಾಟ ಹೇಳತೀರದು, ರೀಪಿಗೆ ಗೆದ್ದಲು. ಆದರೆ ಗೋದಾಮಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ತಗಡು ಹಗಲು ಕಾದು ರಾತ್ರಿ ತಣಿಯುವಾಗ ಒಳಮೈ ಬೆವರುತ್ತದೆ. ಆ ಹನಿ ನೇರ ಚೀಲದ ಮೇಲೆ ಬೀಳುತ್ತದೆ. ಹದವಾಗಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮತ್ತೆ ತೇವ ಹೀರಿ ಬಣ್ಣ ಕೆಡುತ್ತದೆ, ಅಡಿಕೆಗೆ ಬೂಸಲು ಹಿಡಿಯುತ್ತದೆ. ಹೆಂಚಿನ ಸಂದಿಗಳಲ್ಲಿ ಗಾಳಿಯಾಡುತ್ತದೆ, ಹನಿಯನ್ನು ಮಣ್ಣೇ ಹೀರಿಕೊಂಡು ಮರುದಿನ ಬಿಸಿಲಿಗೆ ಬಿಟ್ಟುಕೊಡುತ್ತದೆ. ತಗಡು ಹಾಕಲೇಬೇಕಾದವರು ಕೆಳಗೆ ಹಲಗೆಯ ಅಟ್ಟವನ್ನಾದರೂ ಕಟ್ಟಿಸಿಕೊಳ್ಳಲಿ. ಹೆಂಚು ಉಳಿಸಿಕೊಂಡವರು ಒಂದು ಕಂಪನಿಯ ಹೆಂಚಿನ ಸಾಲಿನಲ್ಲಿ ಮತ್ತೊಂದು ಕಂಪನಿಯದನ್ನು ಸೇರಿಸಬಾರದು. ನೋಡಲು ಒಂದೇ ಆದರೂ ಕಚ್ಚಿನಲ್ಲಿ ಒಂದು ನೂಲಿನಷ್ಟು ವ್ಯತ್ಯಾಸವಿರುತ್ತದೆ, ಸೋರುವುದು ಅಲ್ಲೇ. ಬೇರೆ ಮುದ್ರೆಯ ಹೆಂಚೇ ಗತಿಯಾದರೆ ಒಂದು ಮಗ್ಗುಲನ್ನು ಪೂರ್ತಿ ಬದಲಿಸಿ, ಇಳಿಸಿದ್ದನ್ನು ಇನ್ನೊಂದು ಮಗ್ಗುಲಿನ ದುರಸ್ತಿಗೆ ಇಟ್ಟುಕೊಳ್ಳುವುದು ಮೇಲು. ಈಗೀಗ ಪಟ್ಟಣದವರು ರೆಸಾರ್ಟಿಗೆಂದು ಹಳೆಯ ಮುದ್ರೆಯ ಹೆಂಚನ್ನು ಹುಡುಕಿಕೊಂಡು ಬರುತ್ತಾರೆ. ಲೆಕ್ಕ ಹಾಕಿಯೇ ಕೊಡಿ.

ನಿಪ್ಪಾಣಿಯ ಯಜಮಾನರ ಕೊಟ್ಟಿಗೆಯ ಮೂಲೆಯಲ್ಲಿ ಅದೇ 1865ರ ಮುದ್ರೆಯ ಹೆಂಚುಗಳು ಹುಲ್ಲಿನ ನಡುವೆ ನಿಲ್ಲಿಸಿಟ್ಟಿದ್ದವು. ಎಣಿಸಿದೆವು, ಹನ್ನೊಂದಿದ್ದವು. ನಮ್ಮ ಸಂಘದ ಕಚೇರಿಯಲ್ಲಿಡಲು ಒಂದನ್ನು ಕೊಡಿ ಯಜಮಾನರೇ, ಬೆಲೆ ಕೊಡುತ್ತೇವೆ ಎಂದು ಕೇಳಿದೆವು. ಅವರು ಎಲೆಚೀಲ ಬಿಚ್ಚಿ ನಮ್ಮ ಕೈಗೆ ಅಡಿಕೆ ಕೊಟ್ಟರು.

"ಅಡಿಕಿ ಬೇಕಾದಷ್ಟ ತಗೋರಿ ಸಾಹುಕಾರ್ರ, ನಿಮ್ಮ ಕಡೇದ. ಹಂಚ ಕೊಡಾಕ ಬರೂದಿಲ್ಲ. ಮುಂದಿನ ಮಳಿಗಾಲದಾಗ ಮಂಗ್ಯಾ ಎಷ್ಟ ಒಡೀತಾವೋ ಯಾರಿಗೆ ಗೊತ್ತು."